ವಿದ್ಯಾರ್ಥಿ ಕಿರುಚಿತ್ರದ ಎಡಿಟಿಂಗ್: ಯಾವ ಸಾಫ್ಟ್‌ವೇರ್, ಯಾವ ದಾರಿ, ಯಾರ ಕೈಗೆ?

ಶೂಟಿಂಗ್ ಮುಗಿಸಿ ಬಂದ ತಂಡದವರು ಮೊದಲು ಕೇಳುವುದು "ಯಾವ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡೋಣ?" ಎಂದು. ಉತ್ತರ ಹೇಳುವ ಮೊದಲು ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಚಿತ್ರವನ್ನು ಕೊನೆಗೆ ಎಲ್ಲಿ ತೋರಿಸುತ್ತೀರಿ? ಫುಟೇಜ್ ಯಾವ ಕ್ಯಾಮೆರಾದ್ದು? ಕೈಯಲ್ಲಿರುವ ಕಂಪ್ಯೂಟರ್ ಎಂಥದ್ದು? ಯೂಟ್ಯೂಬ್‌ಗೆ ಹಾಕುವ ಚಿತ್ರಕ್ಕೂ ಚಿತ್ರೋತ್ಸವದ ದೊಡ್ಡ ಪರದೆಯ ಮೇಲೆ ಓಡಬೇಕಾದ ಚಿತ್ರಕ್ಕೂ ಶಾಟ್ ಕತ್ತರಿಸುವ ಕೆಲಸ ಒಂದೇ. ಸೌಂಡ್ ಮಿಕ್ಸ್ ಮತ್ತು ಕೊನೆಯ ಫೈಲ್ ಮಾತ್ರ ಪೂರ್ತಿ ಬೇರೆ. ಹಾಗಾಗಿ ಆಯ್ಕೆ ಕೊನೆಯಿಂದ ಶುರುವಾಗಿ ಹಿಂದಕ್ಕೆ ಬರಬೇಕು.

ಕೆಳಗಿನ ಎಲ್ಲ ಹೋಲಿಕೆಗಳ ಹಿಂದೆ ಒಂದು ಪಕ್ಷಪಾತವಿದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಸಮಯ ಸಾಲದೆ ಬಂದಾಗ ವಿದ್ಯಾರ್ಥಿ ಚಿತ್ರಗಳಲ್ಲಿ ಬಲಿಯಾಗುವುದು ಯಾವಾಗಲೂ ಸೌಂಡ್. ಬಣ್ಣ ತಿದ್ದುವ ಕಲರ್ ಕೆಲಸಕ್ಕೆ ಒಂದು ವಾರ, ಸೌಂಡ್‌ಗೆ ಒಂದು ರಾತ್ರಿ ಎಂಬ ಲೆಕ್ಕ ನಡೆಯುತ್ತದೆ. ಇದು ತಿರುವುಮುರುವಾಗಬೇಕು. ಚಿತ್ರ ಸ್ವಲ್ಪ ಮಂಕಾಗಿದ್ದರೂ ನೋಡುವವರು ಕತೆಯ ಜೊತೆ ಹೋಗುತ್ತಾರೆ. ಮಾತು ಕೇಳಿಸದಿದ್ದರೆ ಎರಡನೇ ನಿಮಿಷಕ್ಕೇ ಕೈಬಿಡುತ್ತಾರೆ. ಆದ್ದರಿಂದ ಎರಡು ದಾರಿ ಎದುರಿಗಿದ್ದಾಗ ಸೌಂಡ್‌ಗೆ ಹೆಚ್ಚು ದಿನ ಉಳಿಸಿಕೊಡುವ ದಾರಿಯನ್ನೇ ನಾನು ಆರಿಸುತ್ತೇನೆ.

ಸಾಫ್ಟ್‌ವೇರ್

ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಪ್ರೊ, ಫೈನಲ್ ಕಟ್ ಪ್ರೊ, ಕೆಡೆನ್‌ಲೈವ್, ಫೋನಿನ ಆ್ಯಪ್‌ಗಳು: ವಿದ್ಯಾರ್ಥಿಗಳ ನಡುವೆ ಓಡಾಡುವ ಹೆಸರುಗಳು ಹೆಚ್ಚುಕಡಿಮೆ ಇವೇ.

ರಿಸಾಲ್ವ್‌ನ ಉಚಿತ ಆವೃತ್ತಿ ನಿಜಕ್ಕೂ ಉಚಿತ. ಅವಧಿ ಮುಗಿಯುವುದಿಲ್ಲ, ಸಾಮಾನ್ಯ ಎಕ್ಸ್‌ಪೋರ್ಟ್ (ಮುಗಿದ ಚಿತ್ರವನ್ನು ಫೈಲ್ ಆಗಿ ಹೊರತೆಗೆದದ್ದು) ಮೇಲೆ ವಾಟರ್‌ಮಾರ್ಕ್ ಬೀಳುವುದಿಲ್ಲ. 3840×2160 ಅಳತೆಯವರೆಗೆ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಎಕ್ಸ್‌ಪೋರ್ಟ್ ಮಾಡಬಹುದು. ಕಿರುಚಿತ್ರಕ್ಕೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. ಎಡಿಟಿಂಗ್, ಕಲರ್, ಸೌಂಡ್‌ಗೆ ಫೇರ್‌ಲೈಟ್, ಎಫೆಕ್ಟ್‌ಗೆ ಫ್ಯೂಷನ್ ಎಲ್ಲವೂ ಒಂದೇ ಪ್ರಾಜೆಕ್ಟ್‌ನೊಳಗೆ ಇರುವುದು ಇದರ ದೊಡ್ಡ ಬಲ. ಸೌಂಡ್ ಮಿಕ್ಸ್ ನಡೆಯುವಾಗ ಒಂದು ಶಾಟನ್ನು ಎಂಟು ಫ್ರೇಮ್ ಚಿಕ್ಕದು ಮಾಡಬೇಕೆನಿಸಿದರೆ ಎಡಿಟ್ ಪೇಜ್‌ಗೆ ಹೋಗಿ ಮಾಡಿ ಬಂದರಾಯಿತು, ಫೈಲ್ ಕಳಿಸಿ ತರಿಸುವ ಗೋಜಿಲ್ಲ.

ಮಿತಿಗಳೂ ಇವೆ, ಇವನ್ನು ಶೂಟಿಂಗ್‌ಗೆ ಮೊದಲೇ ತಿಳಿದಿರಬೇಕು. ವಿಡಿಯೊ ನಾಯ್ಸ್ ರಿಡಕ್ಷನ್ ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ ಸಿಗುತ್ತದೆ. ಕತ್ತಲೆಯಲ್ಲಿ ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ) ಏರಿಸಿ ತೆಗೆದ ಕಾಳುಕಾಳು ಫುಟೇಜನ್ನು ಆಮೇಲೆ ಕ್ಲೀನ್ ಮಾಡಿಕೊಳ್ಳೋಣ ಎಂದುಕೊಂಡಿದ್ದರೆ ಆ ಲೆಕ್ಕ ತಪ್ಪುತ್ತದೆ. ಲಿನಕ್ಸ್‌ನ ಉಚಿತ ಆವೃತ್ತಿ ಬಹಳಷ್ಟು ಕ್ಯಾಮೆರಾ, ಫೋನ್‌ಗಳು ಬರೆಯುವ ಎಚ್.264, ಎಚ್.265 ಫೈಲ್‌ಗಳನ್ನೇ ತೆರೆಯುವುದಿಲ್ಲ. ಕೆಲವು ಕ್ಯಾಮೆರಾಗಳ 10-ಬಿಟ್ (ಬಣ್ಣದ ಹಂತಗಳು ಹೆಚ್ಚಿರುವ) ಫೈಲ್‌ಗಳು ಬೇರೆ ಸಿಸ್ಟಮ್‌ಗಳಲ್ಲೂ ಉಚಿತ ಆವೃತ್ತಿಗೆ ಒಗ್ಗುವುದಿಲ್ಲ. ಶೂಟಿಂಗ್‌ಗೆ ಬಳಸುವ ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಹತ್ತು ಸೆಕೆಂಡಿನ ಕ್ಲಿಪ್ ತೆಗೆದು ಓಡಿಸಿ ನೋಡಿದರೆ ಈ ಅನುಮಾನ ಅಲ್ಲೇ ಬಗೆಹರಿಯುತ್ತದೆ. ಇನ್ನು ರಿಸಾಲ್ವ್ ಗ್ರಾಫಿಕ್ಸ್ ಕಾರ್ಡನ್ನು ಹಿಂಡುತ್ತದೆ. 8 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ 4ಕೆ ಅಳತೆಯ ಟೈಮ್‌ಲೈನ್ (ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಇಟ್ಟುಕೊಂಡು ಕೂತರೆ ತಾಳ್ಮೆ ಮೊದಲು ಮುಗಿಯುತ್ತದೆ, ಚಿತ್ರ ಆಮೇಲೆ.

ಪ್ರೀಮಿಯರ್ ಕಲಿಸುವವರು, ಬಲ್ಲವರು ಎಲ್ಲೆಲ್ಲೂ ಸಿಗುತ್ತಾರೆ. ಚಲಿಸುವ ಗ್ರಾಫಿಕ್ಸ್ ಮಾಡುವ ಆಫ್ಟರ್ ಎಫೆಕ್ಟ್ಸ್ ಜೊತೆಗಿನ ಅದರ ಹೊಂದಾಣಿಕೆಗೆ ಸರಿಸಾಟಿ ಕಡಿಮೆ. ಚಿತ್ರದಲ್ಲಿ ಮೋಷನ್ ಗ್ರಾಫಿಕ್ಸ್ ಜಾಸ್ತಿ ಇದ್ದರೆ ಇದೇ ಸರಿ. ಮಾತನ್ನು ಅಕ್ಷರಕ್ಕಿಳಿಸಿ, ಆ ಅಕ್ಷರ ಕತ್ತರಿಸಿದರೆ ವಿಡಿಯೊ ಕತ್ತರಿಸುವ ಸೌಲಭ್ಯ 2023ರಲ್ಲಿ ಬಂತು. ಸಂದರ್ಶನ ಆಧರಿಸಿದ ಸಾಕ್ಷ್ಯಚಿತ್ರಕ್ಕೆ ಅದು ವರವಾಗಬಹುದು, ನಿಮ್ಮ ಭಾಷೆಯನ್ನು ಅದು ಗುರುತಿಸುತ್ತದೆಯೇ ಎಂದು ಪರೀಕ್ಷಿಸಿಕೊಂಡ ಮೇಲೆ. ತೊಂದರೆ ಇರುವುದು ಚಂದಾದಲ್ಲಿ. ಚಂದಾ ನಿಂತ ದಿನ ನಿಮ್ಮದೇ ಪ್ರಾಜೆಕ್ಟ್ ತೆರೆಯಲಾಗದು. ವರ್ಷದ ನಂತರ ಸಬ್‌ಟೈಟಲ್ ತಿದ್ದಲು ಕೂತಾಗ ಇದು ಅರಿವಿಗೆ ಬರುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಪ್ರೀಮಿಯರ್ ಇದ್ದು, ಪೂರ್ತಿ ಕೆಲಸ ಅಲ್ಲೇ ಮುಗಿಯುವುದಾದರೆ ಮಾತ್ರ ಕಣ್ಣುಮುಚ್ಚಿ ಒಪ್ಪಬಹುದು.

ಫೈನಲ್ ಕಟ್ ಆ್ಯಪಲ್ ಯಂತ್ರಗಳಿಗೆ (ಮ್ಯಾಕ್, ಐಪ್ಯಾಡ್) ಮಾತ್ರ. ಸಾಧಾರಣ ಮ್ಯಾಕ್‌ಬುಕ್‌ನಲ್ಲೂ ಹಗುರಾಗಿ ಓಡುತ್ತದೆ. ಒಂದು ಶಾಟ್ ತೆಗೆದರೆ ಪಕ್ಕದ್ದು ತಾನಾಗಿ ಬಂದು ಕೂಡಿಕೊಳ್ಳುವ ಮ್ಯಾಗ್ನೆಟಿಕ್ ಟೈಮ್‌ಲೈನ್ ಕೆಲವರಿಗೆ ಪ್ರಾಣ, ಕೆಲವರಿಗೆ ಕಿರಿಕಿರಿ. ಆದರೆ ಸೌಂಡನ್ನು ಬೇರೆಯವರ ಕೈಗೆ ಕೊಡುವ ಯೋಚನೆ ಇದ್ದರೆ ಜಾಗ್ರತೆ: ಸೌಂಡ್ ಎಡಿಟರ್‌ಗಳು ಕೇಳುವ ಎಎಎಫ್ ಫೈಲ್ (ಸೌಂಡ್ ತುಣುಕುಗಳು ಎಲ್ಲೆಲ್ಲಿ ಕೂರುತ್ತವೆ ಎಂಬ ವಿವರ ಒಯ್ಯುವಂಥದ್ದು) ಇದರಿಂದ ನೇರವಾಗಿ ಹೊರಬರುವುದಿಲ್ಲ, ನಡುವೆ ಇನ್ನೊಂದು ಟೂಲ್ ಬೇಕು.

ಕೆಡೆನ್‌ಲೈವ್ ಮುಕ್ತ ತಂತ್ರಾಂಶ, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ಹಳೆಯ ಕಂಪ್ಯೂಟರ್‌ಗೂ ಭಾರವಲ್ಲ, ಪ್ರಾಕ್ಸಿ (ಎಡಿಟಿಂಗ್‌ಗಾಗಿ ಮಾಡಿಕೊಳ್ಳುವ ಹಗುರ ಪ್ರತಿ) ಸೌಲಭ್ಯವಿದೆ. ಕಲರ್ ಕೆಲಸದಲ್ಲಿ ರಿಸಾಲ್ವ್ ಎದುರು ನಿಲ್ಲುವುದಿಲ್ಲ. ಆದರೂ ರಿಸಾಲ್ವ್ ಓಡದ ಯಂತ್ರ ನಿಮ್ಮದಾಗಿದ್ದರೆ ಯಂತ್ರದ ಜೊತೆ ಗುದ್ದಾಡುವುದಕ್ಕಿಂತ ಕೆಡೆನ್‌ಲೈವ್‌ನಲ್ಲಿ ಚಿತ್ರ ಮುಗಿಸುವುದು ಎಷ್ಟೋ ಮೇಲು.

ಫೋನಿನ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಭಾಷಣೆ ಇಲ್ಲದ ಎರಡು ಮೂರು ನಿಮಿಷದ ಚಿತ್ರಕ್ಕೆ ಸಾಕು. ನಾಲ್ಕೈದು ಸೌಂಡ್ ಟ್ರ್ಯಾಕ್ ಬೇಕೆಂದ ಕೂಡಲೇ ಬೆರಳಿಗೂ ಪರದೆಗೂ ಜಾಗ ಸಾಲದು.

ಕನ್ನಡದಲ್ಲಿ ಟೈಟಲ್ ಹಾಕುವವರು ಇನ್ನೊಂದು ಪರೀಕ್ಷೆಯನ್ನೂ ಮಾಡಬೇಕು. "ಸಂಸ್ಕೃತಿ", "ಸ್ವಾತಂತ್ರ್ಯ" ಎಂಬಂಥ ಪದ ಟೈಪ್ ಮಾಡಿ, ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ ನೋಡಿ. ಪ್ರೀಮಿಯರ್‌ನಲ್ಲಿ ಒತ್ತು ಒಡೆದು ಕಾಣಿಸಿದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಟೆಕ್ಸ್ಟ್ ಎಂಜಿನ್ ಆರಿಸಿಕೊಳ್ಳಬೇಕು. ಯಾವುದರಲ್ಲೂ ಸರಿಬರದಿದ್ದರೆ ಟೈಟಲ್‌ಗಳನ್ನು ಇಂಕ್‌ಸ್ಕೇಪ್‌ನಂಥ ಪ್ರೋಗ್ರಾಮ್‌ನಲ್ಲಿ ಮಾಡಿ, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಆಗಿ ತಂದು ಹಾಕಿ.

ಏನೇ ಆರಿಸಿಕೊಂಡರೂ ತಂಡದ ಎಲ್ಲರ ಕಂಪ್ಯೂಟರ್‌ನಲ್ಲೂ ಒಂದೇ ಆವೃತ್ತಿ ಇರಲಿ, ಚಿತ್ರ ಮುಗಿಯುವವರೆಗೆ ಅಪ್‌ಡೇಟ್ ಬೇಡ. ಹೊಸ ಆವೃತ್ತಿಯಲ್ಲಿ ಸೇವ್ ಆದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯುವುದಿಲ್ಲ.

ನೇರ ಫುಟೇಜೋ, ಪ್ರಾಕ್ಸಿಯೋ?

ಎಚ್.264 ಫೈಲ್ ಗಾತ್ರದಲ್ಲಿ ಚಿಕ್ಕದು, ಎಡಿಟಿಂಗ್‌ನಲ್ಲಿ ಭಾರ. ಕಾರಣ ಸರಳ. ಪ್ರತಿ ಫ್ರೇಮನ್ನೂ ಅದು ಪೂರ್ತಿ ಇಟ್ಟಿರುವುದಿಲ್ಲ. ಒಂದು ಪೂರ್ಣ ಫ್ರೇಮ್ ಇಟ್ಟು, ಮುಂದಿನವುಗಳಲ್ಲಿ ಬದಲಾದದ್ದನ್ನಷ್ಟೇ ಬರೆದಿಟ್ಟಿರುತ್ತದೆ. ನೀವು ನಡುವಿನ ಒಂದು ಫ್ರೇಮ್ ಮೇಲೆ ನಿಂತರೆ ಕಂಪ್ಯೂಟರ್ ಹಿಂದಿನಿಂದ ಲೆಕ್ಕ ಹಾಕಿಕೊಂಡು ಬಂದು ಅದನ್ನು ಕಟ್ಟಬೇಕು. ಎಡಿಟಿಂಗ್‌ಗೆಂದೇ ಇರುವ ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಆರ್ ಫೈಲ್‌ಗಳಲ್ಲಿ ಪ್ರತಿ ಫ್ರೇಮೂ ಸ್ವತಂತ್ರ, ಅದಕ್ಕೇ ಅವು ನೀರಿನಂತೆ ಓಡುತ್ತವೆ. ಬೆಲೆ ತೆರುವುದು ಜಾಗದಲ್ಲಿ: 1080 ಅಳತೆ, 25 ಫ್ರೇಮ್‌ನ ಪ್ರೋರೆಸ್ 422 ಎಚ್‌ಕ್ಯೂ (ಹೆಚ್ಚು ಗುಣಮಟ್ಟದ ಬಗೆ) ಒಂದು ಗಂಟೆಗೆ ಸುಮಾರು 83 ಜಿಬಿ. ಅದೇ ಪ್ರೋರೆಸ್ ಪ್ರಾಕ್ಸಿ ಆದರೆ ಸುಮಾರು 17 ಜಿಬಿ.

ಕಂಪ್ಯೂಟರ್ ಹೊಸದಾಗಿದ್ದು ಫುಟೇಜ್ 1080 ಆದರೆ ನೇರವಾಗಿಯೇ ಎಡಿಟ್ ಮಾಡಿ. 4ಕೆ ಆದರೆ ಪ್ರಾಕ್ಸಿ ಮಾಡಿಕೊಳ್ಳುವುದೇ ಜಾಣತನ. ರಾತ್ರಿ ಕೆಲಸಕ್ಕೆ ಬಿಟ್ಟು ಮಲಗಿದರೆ ಬೆಳಿಗ್ಗೆ ಸಿದ್ಧವಿರುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ಮೂಲ ಫೈಲ್‌ಗೇ ಹೋಗುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು, ಅಷ್ಟೇ.

ಫೋನಿನಲ್ಲಿ ಶೂಟ್ ಮಾಡಿದವರ ಕತೆ ಬೇರೆ. ಬಹಳಷ್ಟು ಫೋನ್‌ಗಳು ಫ್ರೇಮ್ ರೇಟನ್ನು ಒಂದೇ ಸಮ ಇಡುವುದಿಲ್ಲ. ಸೆಕೆಂಡಿಗೆ 30 ಎಂದು ಹೇಳಿಕೊಂಡರೂ 29, 30, 28 ಹೀಗೆ ತೂಗಾಡುತ್ತದೆ. ಬೇರೆ ರೆಕಾರ್ಡರ್‌ನಲ್ಲಿ ತೆಗೆದ ಸೌಂಡನ್ನು ಶಾಟ್‌ನ ಆರಂಭದಲ್ಲಿ ಸಿಂಕ್ ಮಾಡಿರುತ್ತೀರಿ, ಕೊನೆಗೆ ಹೋಗುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಎಡಿಟ್ ಶುರು ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್ ಅಥವಾ ಶಟರ್ ಎನ್‌ಕೋಡರ್‌ನಲ್ಲಿ ಹಾಕಿ ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿಕೊಳ್ಳಿ. ಇವೆರಡೂ ಉಚಿತ.

ಎಡಿಟಿಂಗ್‌ಗೆ ಕೂರುವವರು ಯಾರು?

ಸಾಫ್ಟ್‌ವೇರ್‌ಗಿಂತ ದೊಡ್ಡ ಆಯ್ಕೆ ಇದು, ಇದರ ಬಗ್ಗೆ ಚರ್ಚೆ ಮಾತ್ರ ಕಡಿಮೆ. ನಿರ್ದೇಶಕರೇ ಎಡಿಟ್ ಮಾಡಬೇಕೋ, ಇನ್ನೊಬ್ಬರೋ?

ನಿರ್ದೇಶಕರೇ ಕೂತರೆ ಕೆಲಸ ಬೇಗ ಶುರುವಾಗುತ್ತದೆ. ಯಾವ ಟೇಕ್ ಎಲ್ಲಿದೆ ಎಂದು ಗೊತ್ತು, ಯಾರನ್ನೂ ಕಾಯಬೇಕಿಲ್ಲ. ಸಮಸ್ಯೆ ಇರುವುದು ನೆನಪಿನಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಬೆಟ್ಟ ಹತ್ತಿ, ಮೋಡ ಸರಿಯುವವರೆಗೆ ಕಾದು ತೆಗೆದ ಶಾಟ್ ಅದು ಎಂದು ನಿರ್ದೇಶಕರಿಗೆ ಗೊತ್ತು. ನೋಡುವವರಿಗೆ ಅದು ಕತೆಯನ್ನು ಹನ್ನೆರಡು ಸೆಕೆಂಡ್ ನಿಲ್ಲಿಸಿದ ಮೋಡ. ಶೂಟಿಂಗ್‌ಗೆ ಬರದೇ ಇದ್ದ ಎಡಿಟರ್‌ಗೆ ಆ ಕಷ್ಟದ ಅರಿವೇ ಇರುವುದಿಲ್ಲ, ಹಾಗಾಗಿ ನಿರ್ದಾಕ್ಷಿಣ್ಯವಾಗಿ ತೆಗೆದುಹಾಕುತ್ತಾರೆ. ಅವರಿಂದ ನಮಗೆ ಬೇಕಿರುವುದು ಆ ಅಪರಿಚಿತ ಕಣ್ಣೇ.

ಸಹಪಾಠಿಗಳಲ್ಲಿ ಒಬ್ಬರು ಎಡಿಟರ್ ಆಗಿ ಸಿಕ್ಕರೆ ನನ್ನ ಮತ ಅವರಿಗೇ. ಮೊದಲ ರಫ್ ಕಟ್ (ಚಿತ್ರದ ಕಚ್ಚಾ ಜೋಡಣೆ) ಆಗುವವರೆಗೆ ನಿರ್ದೇಶಕರು ಪಕ್ಕದಲ್ಲಿ ಕೂರಬಾರದು ಎಂಬ ಒಪ್ಪಂದವೂ ಇರಲಿ. ಸ್ಕ್ರಿಪ್ಟ್, ಟೇಕ್‌ಗಳ ಟಿಪ್ಪಣಿ ಕೊಟ್ಟು ಹೊರನಡೆಯಬೇಕು. ಎಡಿಟರ್ ಸಿಗದಿದ್ದರೆ ಎರಡನೆಯ ದಾರಿ: ನಿರ್ದೇಶಕರೇ ಕತ್ತರಿಸಿ, ರಫ್ ಕಟ್ ಆದ ಮೇಲೆ ಒಂದು ವಾರ ಅದನ್ನು ಮುಟ್ಟದೆ ಇಟ್ಟು, ಕತೆ ಗೊತ್ತಿಲ್ಲದ ಮೂವರಿಗೆ ತೋರಿಸುವುದು. "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂದೇ ಹೇಳುತ್ತಾರೆ. "ಏನಾಯಿತು ಹೇಳಿ" ಎಂದು ಕೇಳಿ. ಅವರು ಕತೆ ಹೇಳುವಾಗ ಯಾವ ಕೊಂಡಿ ಬಿಟ್ಟುಹೋಯಿತೋ ಅಲ್ಲಿ ಎಡಿಟಿಂಗ್ ಸೋತಿದೆ. ನೋಡುವಾಗ ಯಾವ ಕ್ಷಣದಲ್ಲಿ ಮೈ ಕದಲಿಸಿದರು, ಕಣ್ಣು ಬೇರೆಡೆ ಹೋಯಿತು ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಉದ್ದದ ಪ್ರಶ್ನೆಯೂ ಇಲ್ಲೇ ಬಗೆಹರಿಯಬೇಕು. ಆಸ್ಕರ್‌ನ ಕಿರುಚಿತ್ರ ವಿಭಾಗಕ್ಕೆ 40 ನಿಮಿಷದವರೆಗೆ ಅವಕಾಶವಿದೆ. ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಗೆ 15 ನಿಮಿಷ ಮಿತಿ. ಎರಡರಲ್ಲೂ ಕೊನೆಯ ಹೆಸರುಗಳ ಪಟ್ಟಿ ಸೇರಿಯೇ ಲೆಕ್ಕ. ನಿಮ್ಮ ರಫ್ ಕಟ್ 17 ನಿಮಿಷಕ್ಕೆ ಬಂದು ನಿಂತಿದ್ದರೆ 15ರೊಳಗೆ ತರಲು ಯತ್ನಿಸಿ. ಬಾಗಿಲು ತೆರೆಯುವುದು, ಮೆಟ್ಟಿಲಿಳಿಯುವುದು, ಗಾಡಿ ನಿಲ್ಲಿಸುವುದು ಹೋದರೆ ಆ ಎರಡು ನಿಮಿಷ ಸಾಮಾನ್ಯವಾಗಿ ಸಿಕ್ಕೇಬಿಡುತ್ತದೆ. 15 ನಿಮಿಷದೊಳಗಿನ ಚಿತ್ರವನ್ನು ಕಾರ್ಯಕ್ರಮದ ಪಟ್ಟಿಯಲ್ಲಿ ಸೇರಿಸುವುದು ಆಯೋಜಕರಿಗೂ ಸುಲಭ.

ಸೌಂಡ್: ಇಲ್ಲಿ ನಿಲ್ಲಬೇಕು

ಪಿಕ್ಚರ್ ಲಾಕ್ ಆದ ಮೇಲೆ, ಅಂದರೆ ಇನ್ನು ಶಾಟ್‌ಗಳನ್ನು ಬದಲಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೆ, ಮೊದಲ ಪ್ರಶ್ನೆ, ಲೊಕೇಶನ್ನಿನಲ್ಲಿ ತೆಗೆದ ಮಾತನ್ನೇ ಉಳಿಸಿಕೊಳ್ಳುವುದೋ, ಡಬ್ಬಿಂಗ್ ಮಾಡುವುದೋ. ಡಬ್ಬಿಂಗ್ ಮಾಡಿದರೆ ಮಾತು ಸ್ವಚ್ಛ. ಆದರೆ ಹೊಸ ನಟರಿಗೆ ಮೈಕ್ ಮುಂದೆ ಅದೇ ಭಾವ, ಅದೇ ಉಸಿರು, ಅದೇ ವೇಗ ಮರಳಿ ತರುವುದು ತುಂಬ ಕಷ್ಟ. ಜೊತೆಗೆ ಮಾತು ತೆಗೆದರೆ ಅದರೊಂದಿಗಿದ್ದ ಹೆಜ್ಜೆ ಸದ್ದು, ಬಟ್ಟೆಯ ಸರಸರ, ಲೋಟ ಇಟ್ಟ ಸದ್ದು ಎಲ್ಲವೂ ಹೋಗುತ್ತದೆ. ಅವನ್ನೆಲ್ಲ ಹೊಸದಾಗಿ ಕಟ್ಟಬೇಕು. ಲೊಕೇಶನ್ ಸೌಂಡ್ ನೂರಕ್ಕೆ ಎಪ್ಪತ್ತು ಪಾಲು ಚೆನ್ನಾಗಿದ್ದರೂ ಅದನ್ನೇ ಉಳಿಸಿಕೊಳ್ಳಿ ಎನ್ನುತ್ತೇನೆ. ಮೂರನೆಯ ದಾರಿ ಎರಡಕ್ಕಿಂತಲೂ ಒಳ್ಳೆಯದು, ಶೂಟಿಂಗ್‌ನಲ್ಲೇ ನೆನಪಿಟ್ಟುಕೊಂಡರೆ ಮಾತ್ರ: ಟೇಕ್ ಓಕೆ ಆದ ಕೂಡಲೇ, ಕ್ಯಾಮೆರಾ ಆಫ್ ಮಾಡಿ, ಮೈಕನ್ನು ನಟರ ಬಾಯಿಯ ಹತ್ತಿರ ಹಿಡಿದು ಅದೇ ಸಾಲುಗಳನ್ನು ಅದೇ ಜಾಗದಲ್ಲಿ ಮತ್ತೊಮ್ಮೆ ಹೇಳಿಸುವುದು. ಭಾವ ಇನ್ನೂ ಬಿಸಿಯಾಗಿರುತ್ತದೆ, ಕೋಣೆಯೂ ಅದೇ. ಇದೇ ವೈಲ್ಡ್ ಟ್ರ್ಯಾಕ್.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಮೇಜಿನ ಎರಡು ಬದಿಗೆ ಅಮ್ಮ, ಮಗಳು. ಅಮ್ಮನ ಶಾಟ್‌ಗಳನ್ನು ಬೆಳಿಗ್ಗೆ ತೆಗೆದಿದ್ದಾರೆ, ಹೊರಗೆ ನಿಶ್ಶಬ್ದ. ಮಗಳ ಶಾಟ್ ತೆಗೆಯುವಾಗ ಮಧ್ಯಾಹ್ನ. ಪಕ್ಕದ ಕೋಣೆಯಲ್ಲಿ ಫ್ಯಾನ್ ಓಡುತ್ತಿದೆ. ಕಟ್ ಆದಾಗೆಲ್ಲ ಹಿನ್ನೆಲೆಯ "ಹುಮ್" ಬರುತ್ತದೆ, ಹೋಗುತ್ತದೆ, ಬರುತ್ತದೆ. ಕಣ್ಣಿಗೆ ಕಾಣದ ಕಟ್ ಕಿವಿಗೆ ಬಡಿಯುತ್ತದೆ. ಮೊದಲ ಆಸೆ ಆಗುವುದು ನಾಯ್ಸ್ ರಿಡಕ್ಷನ್ ಹಾಕಿ ಫ್ಯಾನ್ ಸದ್ದನ್ನು ಅಳಿಸಿಬಿಡೋಣ ಎಂದು. ಜೋರಾಗಿ ಹಾಕಿದರೆ ಮಗಳ ಧ್ವನಿ ತಗಡಿನ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಅದರ ಬದಲು ಸದ್ದು ಇರುವ ಕಡೆ ಅಳಿಸದೆ, ಇಲ್ಲದ ಕಡೆ ಸೇರಿಸಿ. ಮಧ್ಯಾಹ್ನ ಯಾರೂ ಮಾತಾಡದೆ ತೆಗೆದ ಅರ್ಧ ನಿಮಿಷದ ರೂಮ್ ಟೋನ್ ಇದ್ದರೆ ಅದನ್ನು ಬೇರೆ ಟ್ರ್ಯಾಕ್‌ನಲ್ಲಿ ಅಮ್ಮನ ಶಾಟ್‌ಗಳ ಕೆಳಗೆ ಹಾಸಿ. ಫ್ಯಾನ್ ಈಗ ಇಡೀ ದೃಶ್ಯದಲ್ಲಿ ಒಂದೇ ಸಮ ಓಡುತ್ತಿದೆ, ಹಾಗಾಗಿ ಯಾರಿಗೂ ಕೇಳಿಸುವುದಿಲ್ಲ. ಆಮೇಲೆ ಪ್ರತಿ ಮಾತಿನ ತುದಿಗೆ ಎರಡು ಮೂರು ಫ್ರೇಮ್‌ನ ಫೇಡ್ ಕೊಡಿ. ಒಂದೆರಡು ಕಡೆ ಮಗಳ ಮಾತನ್ನು ಅಮ್ಮನ ಮುಖದ ಮೇಲೆಯೇ ಶುರು ಮಾಡಿ, ಚಿತ್ರ ಹಿಂದಿನಿಂದ ಬರಲಿ. ಇದಿಷ್ಟಕ್ಕೆ ಯಾವ ದುಬಾರಿ ಪ್ಲಗಿನ್ನೂ ಬೇಕಿಲ್ಲ. ರೂಮ್ ಟೋನ್ ತೆಗೆದಿಲ್ಲವೇ? ನಟರು ಮಾತು ಶುರು ಮಾಡುವ ಮುನ್ನ, "ಆಕ್ಷನ್" ಹೇಳಿದ ಮೇಲಿನ ಒಂದೆರಡು ಸೆಕೆಂಡುಗಳ ಮೌನವನ್ನು ಬೇರೆ ಬೇರೆ ಟೇಕ್‌ಗಳಿಂದ ಹೆಕ್ಕಿ ಜೋಡಿಸಬಹುದು.

ಎಐ ಆಧರಿಸಿದ ಧ್ವನಿ ಶುದ್ಧೀಕರಣದ ಟೂಲ್‌ಗಳು ಈಗ ಒಳ್ಳೆಯ ಕೆಲಸ ಮಾಡುತ್ತವೆ. ಪ್ರೀಮಿಯರ್‌ನ ಎನ್‌ಹ್ಯಾನ್ಸ್ ಸ್ಪೀಚ್‌ನಲ್ಲಿ ಎಷ್ಟು ಪಾಲು ಬೆರೆಸಬೇಕೆಂದು ಆರಿಸಬಹುದು. ಪೂರ್ತಿ ಹಾಕದೆ ಅರ್ಧದ ಆಸುಪಾಸಿನಲ್ಲಿಟ್ಟು ಕೇಳಿ. ಪೂರ್ತಿ ಹಾಕಿದರೆ ಉಸಿರು, ತಡವರಿಕೆಗಳೂ ಅಳಿಸಿಹೋಗಿ ನಟನೆಯೇ ಸವೆಯುವುದುಂಟು.

ಮಿಕ್ಸನ್ನು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಮುಗಿಸುವುದೋ, ರೀಪರ್‌ನಂಥ ಬೇರೆ ಸಾಫ್ಟ್‌ವೇರ್‌ಗೆ ಒಯ್ಯುವುದೋ? ನೀವೇ ಮಿಕ್ಸ್ ಮಾಡುವುದಾದರೆ ಒಯ್ಯಬೇಡಿ. ಸೌಂಡ್ ಓದುತ್ತಿರುವ ಗೆಳೆಯರು ಕೈಜೋಡಿಸುವುದಾದರೆ ಅವರ ಸಾಫ್ಟ್‌ವೇರ್‌ಗೇ ಒಯ್ಯಿರಿ, ಲಾಕ್ ಆದ ಮೇಲೆ ಒಂದು ಫ್ರೇಮನ್ನೂ ಬದಲಿಸುವುದಿಲ್ಲ ಎಂದು ಮಾತು ಕೊಟ್ಟು.

ಲೆವೆಲ್ ವಿಚಾರದಲ್ಲಿ ವೇದಿಕೆ ನೋಡಿ ನಿರ್ಧರಿಸಬೇಕು. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಸದ್ದು ಒಟ್ಟಾರೆ ಎಷ್ಟು ಜೋರು ಎಂಬುದರ ಅಳತೆ) ಜೋರಾಗಿರುವುದನ್ನು ತಾನೇ ತಗ್ಗಿಸುತ್ತದೆ, ಮೆಲ್ಲಗಿರುವುದನ್ನು ಏರಿಸುವುದಿಲ್ಲ. ಯುರೋಪಿನ ಟೀವಿ ಮಾನದಂಡ ಮೈನಸ್ 23. ಥಿಯೇಟರ್‌ನಲ್ಲಿ ಹೀಗೆ ತಾನಾಗಿ ಸರಿಪಡಿಸುವ ಏರ್ಪಾಟೇ ಇಲ್ಲ. ನೀವು ಕೊಟ್ಟದ್ದೇ ಹೊರಬರುತ್ತದೆ, ಯೂಟ್ಯೂಬ್‌ಗೆ ಒತ್ತಿ ಜೋರು ಮಾಡಿದ ಮಿಕ್ಸ್ ಅಲ್ಲಿ ಕಿವಿಗೆ ಬಡಿಯುತ್ತದೆ. ಆದ್ದರಿಂದ ಎರಡು ಮಿಕ್ಸ್ ಮಾಡಿಡಿ.

ಸಂಗೀತ

ಗೆಳೆಯರು ಹೊಸದಾಗಿ ಮಾಡಿಕೊಡುವ ಸಂಗೀತ ಎಲ್ಲಕ್ಕಿಂತ ಒಳ್ಳೆಯದು, ಬಳಕೆಯ ಹಕ್ಕನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಂಡರೆ. ಹಾಗೆ ಸಿಗದವರು ಕ್ರಿಯೇಟಿವ್ ಕಾಮನ್ಸ್ (ಕೆಲವು ಷರತ್ತಿನ ಮೇಲೆ ಉಚಿತ ಬಳಕೆಗೆ ಬಿಡುವ ಲೈಸೆನ್ಸ್) ಕಡೆ ಹೋಗುತ್ತಾರೆ. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ: ಲೈಸೆನ್ಸ್ ಹೆಸರಿನಲ್ಲಿ "ಎನ್‌ಡಿ" (ರೂಪಾಂತರ ಕೂಡದು) ಇದ್ದರೆ ಆ ಸಂಗೀತ ಚಿತ್ರಕ್ಕೆ ಬರುವುದಿಲ್ಲ. ಹಾಡನ್ನು ಕತ್ತರಿಸದೆ ಇಡಿಯಾಗಿ ಬಳಸಿದರೂ, ಚಲಿಸುವ ಚಿತ್ರಕ್ಕೆ ಹೊಂದಿಸುವುದನ್ನೇ ಆ ಲೈಸೆನ್ಸ್ ರೂಪಾಂತರ ಎಂದು ಪರಿಗಣಿಸುತ್ತದೆ. "ಎಸ್‌ಎ" ಇದ್ದರೆ ನಿಮ್ಮ ಚಿತ್ರವನ್ನೂ ಅದೇ ಲೈಸೆನ್ಸ್‌ನಲ್ಲಿ ಬಿಡುಗಡೆ ಮಾಡಬೇಕಾಗುತ್ತದೆ. ಬರೀ "ಬಿವೈ" ಇರುವುದು ಸುರಕ್ಷಿತ, ಸಂಗೀತಗಾರರ ಹೆಸರು, ಲೈಸೆನ್ಸ್ ವಿವರ ಹಾಕಿದರೆ ಸಾಕು. ಹಣ ಕೊಟ್ಟು ಕೊಳ್ಳುವುದಾದರೆ ಉತ್ಸವಗಳಿಗೆ ಮಾತ್ರ ಸೀಮಿತವಾದ ಲೈಸೆನ್ಸ್ ಅಗ್ಗ; ಮುಂದೆ ಆನ್‌ಲೈನ್‌ಗೆ ಹಾಕುವಾಗ ಮತ್ತೆ ಕೊಡಬೇಕು, ಲೆಕ್ಕ ಹಾಕಿಯೇ ಆರಿಸಿ.

ಕಲರ್

ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದು ಕ್ಯಾಮೆರಾ ಮಂಕಾಗಿ ದಾಖಲಿಸುವ ಪ್ರೊಫೈಲ್) ತೆಗೆದ ಫುಟೇಜ್ 10-ಬಿಟ್ ಆದರೆ ಗ್ರೇಡಿಂಗ್‌ಗೆ, ಅಂದರೆ ಬಣ್ಣ ತಿದ್ದುವುದಕ್ಕೆ, ಒಗ್ಗುತ್ತದೆ. 8-ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ (10-ಬಿಟ್‌ನಲ್ಲಿ 1024), ಲಾಗ್ ಅದನ್ನು ಇನ್ನೂ ಕಿರಿದಾದ ಜಾಗಕ್ಕೆ ಅದುಮಿರುತ್ತದೆ. ಎಳೆದಾಗ ಆಕಾಶದಲ್ಲಿ ಪಟ್ಟೆಪಟ್ಟೆ ಕಾಣುತ್ತದೆ. ನಿಮ್ಮ ಕ್ಯಾಮೆರಾ 8-ಬಿಟ್ ಆದರೆ ಲಾಗ್ ಬಿಟ್ಟು ಸಾಮಾನ್ಯ ಪ್ರೊಫೈಲ್‌ನಲ್ಲಿ ತೆಗೆಯುವುದೇ ವಾಸಿ. ಇಂಟರ್‌ನೆಟ್‌ನಿಂದ ಇಳಿಸಿದ ಲಟ್ (ಸಿದ್ಧ ಬಣ್ಣದ ಫಿಲ್ಟರ್) ಒಂದನ್ನು ಇಡೀ ಚಿತ್ರದ ಮೇಲೆ ಎಳೆಯುವುದಕ್ಕಿಂತ, ಒಂದು ದೃಶ್ಯದೊಳಗಿನ ಶಾಟ್‌ಗಳು ಒಂದಕ್ಕೊಂದು ಹೊಂದುವಂತೆ ಮಾಡಿದರೆ ಚಿತ್ರಕ್ಕೆ ಹೆಚ್ಚು ಲಾಭ. ಮುಖದ ಬಣ್ಣ ಶಾಟ್‌ನಿಂದ ಶಾಟ್‌ಗೆ ಬದಲಾಗದಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಪರದೆಯ ನೈಟ್ ಮೋಡ್ ಆಫ್ ಇರಲಿ.

ಕೊನೆಯ ಫೈಲ್

ಆನ್‌ಲೈನ್‌ಗೆ ಎಚ್.264 ಸಾಕು. ಆದರೆ ಮಾಸ್ಟರ್ ಆಗಿ ಇಟ್ಟುಕೊಳ್ಳಬೇಕಾದದ್ದು ಪ್ರೋರೆಸ್ 422 ಎಚ್‌ಕ್ಯೂ ಅಥವಾ ಅದಕ್ಕೆ ಸಮನಾದ ಡಿಎನ್‌ಎಕ್ಸ್‌ಎಚ್‌ಆರ್. ಉಳಿದೆಲ್ಲ ಪ್ರತಿಗಳು ಅದರಿಂದಲೇ ಹುಟ್ಟಬೇಕು. ಥಿಯೇಟರ್‌ಗೆ ಡಿಸಿಪಿ (ಸಿನಿಮಾ ಪ್ರೊಜೆಕ್ಟರ್ ಓಡಿಸುವ ಫೈಲ್‌ಗಳ ಕಟ್ಟು) ಕೇಳಿದರೆ ಹೆದರಬೇಕಿಲ್ಲ. ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ಪ್ರೋಗ್ರಾಮ್ ಮನೆಯ ಕಂಪ್ಯೂಟರ್‌ನಲ್ಲೇ ಅದನ್ನು ತಯಾರಿಸುತ್ತದೆ. ಡಿಸಿಪಿಯ 2ಕೆ ಫ್ಲ್ಯಾಟ್ ಚೌಕಟ್ಟು 1998×1080, ನಿಮ್ಮ ಚಿತ್ರ 1920×1080 ಆದ್ದರಿಂದ ಎಡಬಲಕ್ಕೆ 39 ಪಿಕ್ಸೆಲ್‌ನ ಸಣ್ಣ ಕಪ್ಪು ಅಂಚು ಬರುತ್ತದೆ, ಅದು ದೋಷವಲ್ಲ. ಸಿನಿಮಾ ಪ್ರೊಜೆಕ್ಟರ್‌ಗಳಿಗೆ ಎಲ್ಲಕ್ಕಿಂತ ಒಗ್ಗಿದ್ದು 24 ಫ್ರೇಮ್. ಥಿಯೇಟರ್ ಗುರಿ ಇದ್ದರೆ ಶೂಟಿಂಗನ್ನೇ 24ರಲ್ಲಿ ಮಾಡಿ, 25ರಿಂದ ಬದಲಿಸುವ ತಲೆನೋವು ತಪ್ಪುತ್ತದೆ.

ಮಾಸ್ಟರ್ ಜೊತೆಗೆ ಇನ್ನೆರಡನ್ನು ಎಕ್ಸ್‌ಪೋರ್ಟ್ ಮಾಡಿ ಇಡಬೇಕು: ಟೈಟಲ್, ಸಬ್‌ಟೈಟಲ್ ಯಾವುದೂ ಇಲ್ಲದ ಖಾಲಿ ಪ್ರತಿ, ಹಾಗೂ ಮಾತು, ಸಂಗೀತ, ಎಫೆಕ್ಟ್ಸ್ ಬೇರೆ ಬೇರೆಯಾಗಿರುವ ಮೂರು ಸೌಂಡ್ ಫೈಲ್‌ಗಳು, 48 ಕಿಲೋಹರ್ಟ್ಜ್, 24-ಬಿಟ್ ವೇವ್‌ನಲ್ಲಿ. ಸಂಗೀತದ ಹಕ್ಕಿನ ತಕರಾರು ಎದ್ದ ದಿನ ಸಂಗೀತದ ಫೈಲ್ ಒಂದನ್ನೇ ಬದಲಿಸಿ, ಅರ್ಧ ಗಂಟೆಯಲ್ಲಿ ಹೊಸ ಪ್ರತಿ ಕಳಿಸಬಹುದು. ಕಳಿಸುವ ಮೊದಲು ಆ ಪ್ರತಿಯನ್ನು ಎಕ್ಸ್‌ಪೋರ್ಟ್ ಮಾಡಿದ ಕಂಪ್ಯೂಟರ್ ಬಿಟ್ಟು ಬೇರೊಂದರಲ್ಲಿ, ಮೊದಲಿಂದ ಕೊನೆಯವರೆಗೆ, ನಡುವೆ ಎಲ್ಲೂ ಮುಂದಕ್ಕೆ ಓಡಿಸದೆ ಒಮ್ಮೆ ಕೂತು ನೋಡಿ.